ಇನ್ಸ್‌ಬ್ರುಕ್‌ನ ನೆತ್ತಿಯ ಮೇಲೆ: ನಾರ್ಡ್‌ಕೆಟ್ಟೆ ಬೆಟ್ಟಸಾಲನ್ನು ಕೇಬಲ್ ಕಾರಿನಲ್ಲಿ ನೋಡುವ ಬಗೆ

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಮರಿಯಾ ತೆರೇಸಿಯಾ ಬೀದಿ ಎಂಬ ಅಗಲವಾದ ಹಳೆಯ ಬೀದಿಯಿದೆ. ಅಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಬೀದಿಯ ಕೊನೆಯಲ್ಲಿ ಬಾನು ಕಾಣುವುದಿಲ್ಲ, ಕಲ್ಲು ಕಾಣುತ್ತದೆ. ಬಣ್ಣ ಬಳಿದ ಮನೆಗಳ ಮಾಡಿನ ಮೇಲೆ ಕಾಡು, ಕಾಡಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಬೂದು ಬಂಡೆಯ ಗೋಡೆ, ಹೀಗೆ ಒಂದರ ಹೆಗಲೇರಿ ಇನ್ನೊಂದು ನಿಂತಿರುತ್ತದೆ. ಅದೇ ನಾರ್ಡ್‌ಕೆಟ್ಟೆ. ಜರ್ಮನ್ ಭಾಷೆಯಲ್ಲಿ ‘ಉತ್ತರದ ಸರಪಳಿ’ ಎಂದರ್ಥ.

ನಮ್ಮ ಕಡೆಯಿಂದ ಹೊರಡುವ ಯುರೋಪ್ ಪ್ಯಾಕೇಜ್ ಪ್ರವಾಸಗಳಲ್ಲಿ ಈ ಊರಿಗೆ ಸಾಮಾನ್ಯವಾಗಿ ಸಿಗುವುದು ಒಂದೆರಡು ಗಂಟೆ. ಹಳೇ ಪೇಟೆಯ ಚಿನ್ನದ ಚಾವಣಿಯ ಮುಂದೆ ಒಂದು ಫೋಟೊ, ಪಕ್ಕದ ವಾಟನ್ಸ್‌ನಲ್ಲಿ ಸ್ವರೋವ್‌ಸ್ಕಿ ಹರಳುಗಳ ಲೋಕ, ಮತ್ತೆ ಬಸ್ಸು. ಆ ಚಿನ್ನದ ಚಾವಣಿಯಿಂದ ಕೆಲವೇ ನಿಮಿಷ ನಡೆದರೆ ಒಂದು ನಿಲ್ದಾಣ ಸಿಗುತ್ತದೆ. ಅಲ್ಲಿ ಹತ್ತಿ ಕೂತರೆ ಅರ್ಧ ಗಂಟೆಯೊಳಗೆ 2,256 ಮೀಟರ್ ಎತ್ತರದಲ್ಲಿ ಇಳಿಯಬಹುದು. ಇಷ್ಟು ದೊಡ್ಡ ಬೆಟ್ಟ ಊರಿನ ನಟ್ಟನಡುವೆಯಿಂದ ಇಷ್ಟು ಸಲೀಸಾಗಿ ಕೈಗೆ ಸಿಗುವ ಜಾಗ ಆಲ್ಪ್ಸ್‌ನಲ್ಲೂ ಅಪರೂಪ. ಅದಕ್ಕೊಂದು ಪೂರ್ತಿ ದಿನ ಕೊಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಬರಹ.

ಇಡೀ ದಿನದ ಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ: ನಡುವೆ ಎಲ್ಲೂ ನಿಲ್ಲದೆ ಬೆಳಿಗ್ಗೆಯೇ ತುದಿಗೆ ಹೋಗಿ, ಆಮೇಲೆ ಒಂದೊಂದೇ ನಿಲ್ದಾಣದಲ್ಲಿ ಇಳಿದು ನೋಡುತ್ತ ಕೆಳಗೆ ಬನ್ನಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲ ಸಲ ನಾನೂ ಕೆಳಗಿನ ನಿಲ್ದಾಣಗಳಲ್ಲಿ ಸುತ್ತಾಡಿ, ಊಟ ಮುಗಿಸಿ, ಮಧ್ಯಾಹ್ನ ಎರಡಕ್ಕೆ ತುದಿಗೆ ಹೋದೆ. ಅಷ್ಟು ಹೊತ್ತಿಗೆ ಮೋಡ ಏಣನ್ನು, ಅಂದರೆ ಬೆಟ್ಟಸಾಲಿನ ಚೂಪು ನೆತ್ತಿಯನ್ನು, ಮುಚ್ಚಿಬಿಟ್ಟಿತ್ತು; ಹತ್ತು ಅಡಿ ಆಚೆಗಿನ ಕಲ್ಲು ಕೂಡ ಕಾಣಲಿಲ್ಲ. ಬೇಸಿಗೆಯಲ್ಲಿ ಬಿಸಿಲೇರಿದಂತೆ ಕಣಿವೆಯ ತೇವದ ಗಾಳಿ ಬಂಡೆಯ ಮೈಗುಂಟ ಮೇಲೇರಿ ನೆತ್ತಿಯಲ್ಲಿ ಮೋಡ ಕಟ್ಟುವುದು ಬೆಟ್ಟದ ದಿನಚರಿ. ನಾವು ಅದಕ್ಕಿಂತ ಮೊದಲು ಎದ್ದಿರಬೇಕು.

ಎತ್ತರವನ್ನು ನಮ್ಮ ಊರುಗಳಿಂದ ಅಳೆದುಕೊಳ್ಳಿ

ನಿಲ್ದಾಣದ ಗೋಡೆಯ ಮೇಲೆ ಬರೆದ ಮೀಟರ್ ಲೆಕ್ಕ ಓದಿದರೆ ಮೈಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ನನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಇನ್ಸ್‌ಬ್ರುಕ್ ಊರು ಇರುವುದು 574 ಮೀಟರ್‌ನಲ್ಲಿ, ಅಂದರೆ ನಮ್ಮ ಮೈಸೂರಿಗಿಂತ ತಗ್ಗಿನಲ್ಲಿ. ದಾರಿಯಲ್ಲಿ ಸಿಗುವ ಆಲ್ಪೆನ್‌ಜೂ ನಿಲ್ದಾಣ ಹೆಚ್ಚುಕಡಿಮೆ ಮೈಸೂರಿನ ಮಟ್ಟ. ಮೊದಲ ಹಂತ ಮುಗಿಯುವ ಹುಂಗರ್‌ಬುರ್ಗ್ 860 ಮೀಟರ್. ಬೆಂಗಳೂರಿಗಿಂತ ಸ್ವಲ್ಪವೇ ಕಡಿಮೆ. ನಡುವಿನ ನಿಲ್ದಾಣ ಸೀಗ್ರೂಬೆ 1,905 ಮೀಟರ್. ಅಲ್ಲಿಗೆ ಬಂದರೆ ನೀವು ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಸಮಕ್ಕೆ ಬಂದಿರಿ. ಅಲ್ಲಿಂದ ಮೇಲಕ್ಕೆ ಹಾಫೆಲೆಕಾರ್ ನಿಲ್ದಾಣ 2,256, ಶಿಖರ 2,334. ಅದಕ್ಕೆ ಹೋಲಿಸಲು ರಾಜ್ಯದೊಳಗೆ ಯಾವ ಬೆಟ್ಟವೂ ಇಲ್ಲ. ಮುಳ್ಳಯ್ಯನಗಿರಿ ದಾಟಿ ಊಟಿಯ ದೊಡ್ಡಬೆಟ್ಟದತ್ತ ಅರ್ಧಕ್ಕಿಂತ ಹೆಚ್ಚು ಹತ್ತಿದಂತೆ.

ಈ ಲೆಕ್ಕದಿಂದ ಉಡುಪಿನ ತೀರ್ಮಾನವೂ ಸುಲಭ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ. ಊರಿನಿಂದ ತುದಿಗೆ ಸುಮಾರು 1,700 ಮೀಟರ್. ಕೆಳಗೆ 24 ಡಿಗ್ರಿ ಇದ್ದರೆ ಮೇಲೆ 13ರ ಆಸುಪಾಸು. ಗಾಳಿ ಬೀಸಿದರೆ ಅದು ಇನ್ನೂ ಕಡಿಮೆ ಅನ್ನಿಸುತ್ತದೆ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಕಾಲುಭಾಗದ ಹತ್ತಿರ ಕಡಿಮೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ, ಮೆಟ್ಟಿಲು ಹತ್ತಿದಾಗ ಏದುಸಿರು ಬರುತ್ತದೆ ಅಷ್ಟೆ. ಹೃದಯದ ತೊಂದರೆ ಇರುವ ಹಿರಿಯರನ್ನು ಕರೆದೊಯ್ಯುವವರು ಹೊರಡುವ ಮೊದಲು ವೈದ್ಯರನ್ನು ಕೇಳಿ. ಅನುಮಾನವಿದ್ದರೆ ಅವರನ್ನು ಸೀಗ್ರೂಬೆಯ ಬಿಸಿಲಿನಲ್ಲಿ ಕೂರಿಸಿ. ನೋಟದಲ್ಲಿ ಅವರಿಗೆ ಹೆಚ್ಚೇನೂ ನಷ್ಟವಾಗುವುದಿಲ್ಲ.

ಹಿಂದಿನ ದಿನವೇ ಊರು ಸೇರಿ

ಮ್ಯೂನಿಕ್‌ನಿಂದಾಗಲಿ ಸಾಲ್ಸ್‌ಬುರ್ಗ್‌ನಿಂದಾಗಲಿ ರೈಲಿನಲ್ಲಿ ಎರಡು ಗಂಟೆಯ ಹಾದಿ, ವಿಯೆನ್ನಾದಿಂದ ನಾಲ್ಕು ಗಂಟೆಗೂ ಮೇಲೆ. ಬೆಳಿಗ್ಗೆ ರೈಲು ಹಿಡಿದು ಬಂದು ಅದೇ ದಿನ ಬೆಟ್ಟ ಹತ್ತಲು ಹೊರಟರೆ ಆ ಚೊಕ್ಕ ಹೊತ್ತು ಕೈತಪ್ಪುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಬಂದು ಉಳಿದುಕೊಳ್ಳಿ. ಎರಡು ರಾತ್ರಿ ಉಳಿದರೆ ಇನ್ನೂ ಒಳ್ಳೆಯದು: ಒಂದು ದಿನ ಹವೆ ಕೈಕೊಟ್ಟರೆ ಇನ್ನೊಂದು ದಿನ ಇರುತ್ತದೆ.

ಟಿಕೆಟ್ ವಿಚಾರ. ಊರಿನಿಂದ ತುದಿಯವರೆಗೆ ಹೋಗಿಬರಲು ಒಂದೇ ಟಿಕೆಟ್ ಸಿಗುತ್ತದೆ. ಸೀಗ್ರೂಬೆಯವರೆಗೆ ಮಾತ್ರ ಸಾಕೆಂದರೆ ಅದೂ ಉಂಟು. ಫಲಕದಲ್ಲಿ ‘ಬೆರ್ಗ್‌ಫಾರ್ಟ್’ ಎಂದಿದ್ದರೆ ಹತ್ತುವ ಪ್ರಯಾಣ, ‘ಟಾಲ್‌ಫಾರ್ಟ್’ ಎಂದಿದ್ದರೆ ಇಳಿಯುವುದು. ಇನ್ಸ್‌ಬ್ರುಕ್ ಕಾರ್ಡ್ ಎಂಬ ಪ್ರವಾಸಿ ಪಾಸ್ 24, 48, 72 ಗಂಟೆಗಳ ಲೆಕ್ಕದಲ್ಲಿ ಸಿಗುತ್ತದೆ. ಅದರಲ್ಲಿ ಈ ಕೇಬಲ್ ಕಾರಿನಲ್ಲಿ ಒಮ್ಮೆ ಹತ್ತಿ ಇಳಿಯುವುದು, ಆಲ್ಪೆನ್‌ಜೂ ಮೃಗಾಲಯದ ಪ್ರವೇಶ, ಊರಿನ ವಸ್ತುಸಂಗ್ರಹಾಲಯಗಳು, ಸಿಟಿ ಬಸ್ಸು, ಟ್ರ್ಯಾಮ್ ಎಲ್ಲವೂ ಸೇರಿವೆ. ತುದಿಯವರೆಗೆ ಹೋಗಿ, ಮೃಗಾಲಯವನ್ನೂ ನೋಡುವ ಯೋಚನೆಯಿದ್ದರೆ ಎರಡನ್ನೂ ಕೂಡಿಸಿ ನೋಡಿ. ಕಾರ್ಡೇ ಲಾಭ ಎಂದು ಹೆಚ್ಚಾಗಿ ತಿಳಿಯುತ್ತದೆ. ಬಿಡಿ ಟಿಕೆಟ್ ಕೊಳ್ಳುವವರು ಇಳಿಯುವಾಗ ನಡುವಿನ ಯಾವ ನಿಲ್ದಾಣಗಳಲ್ಲಿ ಇಳಿದು ಮತ್ತೆ ಹತ್ತಬಹುದೆಂದು ಕೌಂಟರಿನಲ್ಲೇ ಕೇಳಿಕೊಳ್ಳಿ.

ಯಾವ ತಿಂಗಳು? ನಡೆಯುವ ಆಸೆಯಿದ್ದರೆ ಜೂನ್ ಕೊನೆಯಿಂದ ಸೆಪ್ಟೆಂಬರ್. ಜೂನ್ ಮೊದಲಲ್ಲಿ ನೆರಳಿನ ಸಂದುಗಳಲ್ಲಿ ಹಳೆಯ ಹಿಮ ಇನ್ನೂ ಕೂತಿರುತ್ತದೆ. ದೂರದಿಂದ ಚೆಂದ, ಕಾಲಿಟ್ಟರೆ ಜಾರು. ಹಿಮವನ್ನೇ ನೋಡಬೇಕೆಂದಿದ್ದರೆ ಡಿಸೆಂಬರ್‌ನಿಂದ ಮಾರ್ಚ್. ವಸಂತದಲ್ಲಿ ಮತ್ತು ಚಳಿಗಾಲದ ಹೊಸ್ತಿಲಲ್ಲಿ ಹಗ್ಗ, ಗಾಲಿಗಳ ತಪಾಸಣೆಗೆಂದು ಕೆಲವು ದಿನ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಏಪ್ರಿಲ್, ಮೇ, ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಆ ದಿನಾಂಕಗಳನ್ನು ನೋಡಿಕೊಳ್ಳಬೇಕು.

ಬೆಳಿಗ್ಗೆ ಎದ್ದ ಕೂಡಲೇ: ಮೊದಲು ಕ್ಯಾಮೆರಾ, ಆಮೇಲೆ ಗಾಳಿ

ಮೇಲಿನ ನಿಲ್ದಾಣಗಳಲ್ಲಿ ವೆಬ್‌ಕ್ಯಾಮ್‌ಗಳಿವೆ. ಮೊಬೈಲಿನಲ್ಲಿ ಅವನ್ನು ನೋಡದೆ ಹೋಟೆಲ್ ಬಿಡಬೇಡಿ. ಊರಿನ ಮೇಲೆ ಮೋಡ ಕವಿದಿದೆ ಎಂದು ಬೇಸರಿಸಿ ಮಲಗುವುದೂ ತಪ್ಪು. ಶರತ್ಕಾಲದಲ್ಲಿ, ಚಳಿಗಾಲದಲ್ಲಿ ಮಂಜು ಕಣಿವೆಯಲ್ಲೇ ತಂಗಿ, ಸೀಗ್ರೂಬೆ ಹೊಳೆಯುವ ಬಿಸಿಲಿನಲ್ಲಿರುವ ದಿನಗಳುಂಟು. ಆ ದಿನ ಕೇಬಲ್ ಕಾರ್ ಬೂದು ಮಂಜನ್ನು ಸೀಳಿ ಹೊರಬಂದ ಗಳಿಗೆಯಲ್ಲಿ ಕಾಲಡಿ ಬಿಳಿಯ ಸಮುದ್ರವಿರುತ್ತದೆ, ಅದರಾಚೆ ಶಿಖರಗಳು ದ್ವೀಪಗಳ ಹಾಗೆ. ಬೆಳ್ಳಂಬೆಳಿಗ್ಗೆ ಮುಳ್ಳಯ್ಯನಗಿರಿಯ ಮೇಲೆ ನಿಂತವರಿಗೆ ಈ ನೋಟದ ರುಚಿ ಗೊತ್ತು.

ಇನ್ನು ಗಾಳಿ. ಇನ್ಸ್‌ಬ್ರುಕ್‌ಗೆ ತನ್ನದೇ ಆದ ಒಂದು ಗಾಳಿಯಿದೆ, ಹೆಸರು ಫ್ಯೋನ್. ದಕ್ಷಿಣದಿಂದ, ಇಟಲಿಯ ಕಡೆಯಿಂದ ಬರುವ ಗಾಳಿ ಆಲ್ಪ್ಸ್‌ನ ಮುಖ್ಯ ಏಣನ್ನು ಹತ್ತುವಾಗ ತನ್ನ ತೇವವನ್ನು ಆಚೆಯೇ ಸುರಿಸಿ, ಈಚೆ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಕಾದು, ಒಣಗಿ, ಬ್ರೆನ್ನರ್ ಕಣಿವೆಯ ಕೊಳವೆಯಲ್ಲಿ ನುಗ್ಗಿ ನೇರ ಈ ಬೆಟ್ಟಕ್ಕೆ ಬಡಿಯುತ್ತದೆ. ಆಗುಂಬೆಯಲ್ಲಿ ಮುಂಗಾರು ಮಳೆ ಸುರಿದು ಬರಿದಾಗಿ, ಘಟ್ಟದ ಮೂಡಲಿನ ಬಯಲಿಗೆ ಒಣಗಾಳಿಯಾಗಿ ಇಳಿಯುತ್ತದಲ್ಲ, ಅದೇ ಸೂತ್ರ. ಫ್ಯೋನ್ ಬೀಸಿದ ದಿನ ಗಾಳಿ ಎಷ್ಟು ತಿಳಿಯಾಗುತ್ತದೆಂದರೆ ಬೆಟ್ಟ ಎದ್ದು ಎರಡು ಹೆಜ್ಜೆ ಮುಂದೆ ಬಂದಂತೆ ಕಾಣುತ್ತದೆ, ಒಂದೊಂದು ಬಂಡೆಯನ್ನೂ ಎಣಿಸಬಹುದು. ಹೊಸಬರು ಸಂಭ್ರಮದಿಂದ ನಿಲ್ದಾಣಕ್ಕೆ ಓಡುವುದು ಅಂಥ ದಿನವೇ. ತೂಗುವ ಪೆಟ್ಟಿಗೆಯನ್ನು ಜೋರು ಗಾಳಿಯಲ್ಲಿ ಬಿಡಲಾಗದು, ಹಾಗಾಗಿ ಮೇಲಿನ ಹಂತಗಳು ನಿಂತಿರುವುದೂ ಅಂಥ ದಿನವೇ. ಬೆಟ್ಟ ತೀರಾ ಹತ್ತಿರ ಕಂಡು, ಹವೆ ಕಾಲಕ್ಕೆ ಮೀರಿ ಬೆಚ್ಚಗಿದ್ದರೆ, ಕೇಬಲ್ ಕಾರ್ ಓಡುತ್ತಿದೆಯೇ ಎಂದು ವಿಚಾರಿಸಿಯೇ ಹೊರಡಿ.

ಚೀಲಕ್ಕೆ ಹಾಕಬೇಕಾದ್ದು ಹೆಚ್ಚೇನಿಲ್ಲ. ಗಾಳಿ ತಡೆಯುವ ಒಂದು ಜಾಕೆಟ್, ಒಳಗೆ ಬೆಚ್ಚನೆಯದೊಂದು, ಟೋಪಿ, ನೀರು, ತಂಪು ಕನ್ನಡಕ, ಸನ್‌ಸ್ಕ್ರೀನ್. ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಎನ್ನುವವರಿದ್ದಾರೆ. ಎತ್ತರ ಏರಿದಂತೆ ಸುಡುವ ಕಿರಣ ಹೆಚ್ಚುತ್ತದೆ, ಹಿಮವಿದ್ದರೆ ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ, ಹಚ್ಚಿಕೊಳ್ಳಿ. ಮುಖ್ಯವಾದದ್ದು ಕಾಲಿನದು: ಹಿಡಿತವಿರುವ ಅಟ್ಟೆಯ ಬೂಟು. ಶಿಖರದ ದಾರಿಯಲ್ಲಿ ಚಪ್ಪಲಿ ಹಾಕಿ ಬಂದವರನ್ನು, ಸೀರೆಯ ನೆರಿಗೆ ಎತ್ತಿ ಹಿಡಿದು ಸಡಿಲ ಜಲ್ಲಿಯ ಮೇಲೆ ತಡವರಿಸುವ ಅಮ್ಮಂದಿರನ್ನು ಕಂಡು ಎದೆ ಡವಡವ ಅಂದದ್ದಿದೆ.

ಊರೊಳಗಿನಿಂದ ಹುಂಗರ್‌ಬುರ್ಗ್‌ಗೆ: ಇದು ರೈಲು

ರೈಲು ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆಯಲ್ಲಿ, ಹೋಫ್‌ಬುರ್ಗ್ ಅರಮನೆಯ ಹತ್ತಿರ ಕಾಂಗ್ರೆಸ್ ನಿಲ್ದಾಣವಿದೆ. ಮಂಜುಗಡ್ಡೆ ಕರಗಿ ಹರಿದು ಮತ್ತೆ ಹೆಪ್ಪುಗಟ್ಟಿದ ಹಾಗಿರುವ ಗಾಜಿನ ಮಾಡೇ ಗುರುತು. ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸ ಮಾಡಿದ ನಾಲ್ಕು ನಿಲ್ದಾಣಗಳಲ್ಲಿ ಇದು ಮೊದಲನೆಯದು. ಇವು ಬಳಕೆಗೆ ಬಂದದ್ದು 2007ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು 1906ರಿಂದ ಇಲ್ಲಿ ಬೇರೊಂದು ಹಳೆಯ ಹಗ್ಗದ ರೈಲು ಓಡುತ್ತಿತ್ತು.

ಈ ಮೊದಲ ಹಂತ ಹಗ್ಗ ಎಳೆಯುವ ರೈಲು, ಫ್ಯುನಿಕ್ಯುಲರ್. ಬಾವಿಯ ರಾಟೆಗೆ ಹಗ್ಗದ ಎರಡು ತುದಿಯಲ್ಲಿ ಎರಡು ಕೊಡ ಕಟ್ಟಿದರೆ ಒಂದು ಇಳಿಯುವಾಗ ಇನ್ನೊಂದು ಏರುತ್ತದಲ್ಲ, ಹಾಗೆ ಇಲ್ಲಿ ಎರಡು ಗಾಡಿ. ಇಳಿಯುವ ಗಾಡಿಯ ತೂಕವೇ ಏರುವ ಗಾಡಿಗೆ ಅರ್ಧ ಬಲ. ನೆಲದಡಿಯಿಂದ ಹೊರಟು, ಸೇತುವೆಯ ಮೇಲೆ ಇನ್ ನದಿ ದಾಟಿ, ಆಮೇಲೆ ಕಡಿದಾಗಿ ಏರುತ್ತದೆ. ದಾರಿಯ ಇಳಿಜಾರು ಬದಲಾದಂತೆ ಒಂದೊಂದು ಡಬ್ಬಿಯೂ ತನ್ನಷ್ಟಕ್ಕೆ ಬಾಗಿ ನೆಲವನ್ನು ಮಟ್ಟವಾಗಿ ಉಳಿಸಿಕೊಳ್ಳುತ್ತದೆ, ನಿಂತವರು ವಾಲುವುದಿಲ್ಲ. 1.8 ಕಿ.ಮೀ. ಹಾದಿ, ಎಂಟು ನಿಮಿಷ. ಕೆಳಗಿನ, ಅಂದರೆ ಊರಿನ ಕಡೆಯ ಕಿಟಕಿಯ ಬಳಿ ನಿಲ್ಲಿ. ಲೋವೆನ್‌ಹೌಸ್, ಆಲ್ಪೆನ್‌ಜೂ ನಿಲ್ದಾಣಗಳು ಬರುತ್ತವೆ. ಈಗ ಇಳಿಯಬೇಡಿ.

ಹುಂಗರ್‌ಬುರ್ಗ್‌ನಲ್ಲಿ ಹೊರಬಂದರೆ ಒಂದು ಬಯಲಿದೆ, ಅದನ್ನು ದಾಟಿದರೆ ಎದುರಿಗೇ ನಿಜವಾದ ಕೇಬಲ್ ಕಾರಿನ ನಿಲ್ದಾಣ.

ತುದಿಗೆ

ಇಲ್ಲಿಂದ ಎರಡು ಹಂತ. ಹುಂಗರ್‌ಬುರ್ಗ್‌ನಿಂದ ಸೀಗ್ರೂಬೆಗೆ ದೊಡ್ಡ ಪೆಟ್ಟಿಗೆ, ಅಲ್ಲಿ ಬದಲಿಸಿ ಹಾಫೆಲೆಕಾರ್‌ಗೆ ಚಿಕ್ಕದು. ಸಾಮಾನ್ಯವಾಗಿ ಕಾಲು ಗಂಟೆಗೊಂದು. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಶುರುವಾಗುತ್ತದೆ. ಮೊದಲ ಎರಡು ಮೂರು ಸರದಿಯೊಳಗೆ ಹತ್ತಿದರೆ ನೂಕುನುಗ್ಗಲು ಇರುವುದಿಲ್ಲ.

ಏರುವಾಗ ಕಿವಿ ಕಟ್ಟಿದರೆ ಎಂಜಲು ನುಂಗಿ, ಇಲ್ಲವೇ ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಳ್ಳಿ. ಎಳೆಮಕ್ಕಳಿದ್ದರೆ ಆಗ ಹಾಲು ಕುಡಿಸಿ. ಕಂಬ ದಾಟುವಾಗ ಪೆಟ್ಟಿಗೆ ಒಮ್ಮೆ ತೂಗಿ ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುತ್ತದೆ. ಅದು ಸಹಜ, ಹೆದರುವವರು ನಡುವೆ ನಿಂತು ದೂರದ ಬೆಟ್ಟದ ಮೇಲೆ ಕಣ್ಣಿಡಿ. ಹೆದರಿಕೆ ಇಲ್ಲದವರು ಕಾಲಡಿಯ ಗಿಡಮರ ನೋಡುತ್ತಿರಿ: ಎಲೆಮರಗಳು ಹೋಗಿ ಸೂಚಿಪರ್ಣಿಗಳು, ಅವು ಕುಳ್ಳಾಗಿ ನೆಲಕ್ಕಂಟಿದ ಕುರುಚಲು ಪೈನ್, ಅದೂ ಹೋಗಿ ಹುಲ್ಲು, ಕೊನೆಗೆ ಬರೀ ಕಲ್ಲು. ದಿನವಿಡೀ ನಡೆದರೆ ಕಾಣುವ ಬದಲಾವಣೆ ನಿಮಿಷಗಳಲ್ಲಿ ಸರಿದುಹೋಗುತ್ತದೆ.

ಈ ಕೇಬಲ್ ಕಾರ್ 1928ರದ್ದು. ಗಾಡಿ, ಯಂತ್ರಗಳು ಆಮೇಲೆ ಹೊಸದಾಗಿವೆ, ಆದರೆ ಸ್ಥಳೀಯ ವಾಸ್ತುಶಿಲ್ಪಿ ಫ್ರಾಂಟ್ಸ್ ಬೌಮನ್ ಕಟ್ಟಿಸಿದ ನಿಲ್ದಾಣಗಳು ಇಂದಿಗೂ ನಿಂತಿವೆ. ಹಾಫೆಲೆಕಾರ್‌ನಲ್ಲಿ ಇಳಿದಾಗ ಕಟ್ಟಡವನ್ನು ಒಂದು ಕ್ಷಣ ಹೊರಗಿನಿಂದ ನೋಡಿ. ಬಂಡೆಯ ಇಳಿಜಾರಿನಿಂದಲೇ ಬೆಳೆದ ಹಾಗೆ ಬಾಗಿದ ಗೋಡೆ. ಸುಮಾರು ನೂರು ವರ್ಷದ ಹಿಂದೆ ಈ ಎತ್ತರಕ್ಕೆ ಅಷ್ಟು ಸಾಮಾನು ಸಾಗಿಸಿ ಕಟ್ಟಿದವರ ಕೈಗೆ ಮುಗಿಯಬೇಕು.

ನಿಲ್ದಾಣದಿಂದ ಹಾಫೆಲೆಕಾರ್ ಶಿಖರಕ್ಕೆ ಸುಮಾರು 80 ಮೀಟರ್ ಏರಬೇಕು, ಕಾಲು ಗಂಟೆ ಸಾಕು. ಹಿಮವಿರುವ ಕಾಲದಲ್ಲಿ ದಾರಿ ತೆರೆದಿದ್ದರೆ ಮಾತ್ರ ಹೋಗಿ. ಈ ಬೆಟ್ಟ ಹಿಮಕುಸಿತಕ್ಕೆ ಹೆಸರಾದದ್ದು, ಹಗ್ಗ ಕಟ್ಟಿದ ಗಡಿಯಿಂದಾಚೆ ಒಂದು ಹೆಜ್ಜೆಯೂ ಬೇಡ.

ಮೇಲೆ ನಿಂತು ಮೊದಲು ದಕ್ಷಿಣಕ್ಕೆ ನೋಡಿ. ಕಾಲ ಕೆಳಗೆ ಇಡೀ ಇನ್ಸ್‌ಬ್ರುಕ್, ನಡುವೆ ಇನ್ ನದಿಯ ಹಸಿರು ಬೂದು ಪಟ್ಟಿ, ವಿಮಾನ ನಿಲ್ದಾಣದ ಓಡುಹಾದಿ. ವಿಮಾನಗಳು ನಿಮ್ಮ ಕಣ್ಣಿಗಿಂತ ಕೆಳಗೆ ಹಾರಿ ಇಳಿಯುತ್ತವೆ. ಎದುರಿಗೆ ದುಂಡು ತಲೆಯ ಪಾಟ್ಷೆರ್‌ಕೋಫೆಲ್, ಅದರ ಬಲಕ್ಕೆ ಗೋಪುರದಂತೆ ಸೆರ್ಲೆಸ್, ಅವೆರಡರ ನಡುವೆ ದಕ್ಷಿಣಕ್ಕೆ ಸರಿದುಹೋಗುವ ಕಣಿವೆಯೇ ಇಟಲಿಗೆ ಹೋಗುವ ಬ್ರೆನ್ನರ್ ದಾರಿ. ಸೆರ್ಲೆಸ್‌ಗೂ ಆಚೆ ಬಲಕ್ಕೆ ಸ್ಟೂಬಾಯ್ ಪರ್ವತಗಳ ಹಿಮನದಿಗಳು ಹೊಳೆಯುತ್ತವೆ.

ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ. ಹೆಚ್ಚಿನವರು ಊರಿನ ಕಡೆ ಫೋಟೊ ತೆಗೆದು ಇಳಿದುಬಿಡುತ್ತಾರೆ. ನನಗೆ ಈ ಜಾಗದ ಜೀವಾಳವೆನಿಸಿದ್ದು ಬೆನ್ನ ಹಿಂದಿನ ಉತ್ತರ. ಅಲ್ಲಿ ಒಂದು ಮನೆಯಿಲ್ಲ, ರಸ್ತೆಯಿಲ್ಲ. ಏಣಿನ ಹಿಂದೆ ಏಣು, ಬಿಳಿಬೂದು ಸುಣ್ಣಕಲ್ಲಿನ ಅಲೆಗಳು. ಅದು ಕಾರ್ವೆಂಡೆಲ್, ಆಸ್ಟ್ರಿಯಾದ ಅತಿ ದೊಡ್ಡ ನಿಸರ್ಗ ಉದ್ಯಾನ, 700 ಚದರ ಕಿ.ಮೀ.ಗೂ ಹೆಚ್ಚು. ಒಂದು ಲಕ್ಷಕ್ಕೂ ಮೀರಿ ಜನರಿರುವ ಊರು ಒಂದು ಕಡೆ, ಈ ನಿರ್ಜನ ಇನ್ನೊಂದು ಕಡೆ, ನಡುವೆ ನೀವು ನಿಂತಿರುವ ಅಂಗೈಯಗಲದ ಏಣು. ಈ ಕಲ್ಲು ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆ ಬೆಚ್ಚನೆಯ ಆಳವಿಲ್ಲದ ಸಮುದ್ರದ ತಳದಲ್ಲಿ ಕೂಡಿಟ್ಟ ಸುಣ್ಣ. ಇಲ್ಲಿ ಬಿದ್ದ ಮಳೆಯ ಹನಿ ದಕ್ಷಿಣಕ್ಕೆ ಜಾರಿದರೆ ಇನ್ ನದಿ ಸೇರುತ್ತದೆ, ಉತ್ತರಕ್ಕೆ ಜಾರಿದರೆ ಇಸಾರ್ ಸೇರಿ ಮ್ಯೂನಿಕ್ ಊರಿನ ನಡುವೆ ಹರಿಯುತ್ತದೆ. ಸಹ್ಯಾದ್ರಿಯ ಏಣಿನ ಮೇಲೆ ಅಗಲಿದ ಹನಿಗಳು ಬೇರೆ ಬೇರೆ ಸಮುದ್ರ ಸೇರುತ್ತವೆ. ಇವು ಮಾತ್ರ ದೂರದಲ್ಲಿ ಡ್ಯಾನ್ಯೂಬ್ ನದಿಯಲ್ಲಿ ಮತ್ತೆ ಕೂಡುತ್ತವೆ.

ಹಳದಿ ಕೊಕ್ಕಿನ ಕಪ್ಪು ಹಕ್ಕಿಗಳು ಸುತ್ತ ಹಾರಾಡುತ್ತಿರುತ್ತವೆ. ಕಾಗೆಯ ಕುಲದವೇ, ಆಲ್ಪ್ಸ್‌ನವು. ಬಿಸ್ಕತ್ತು ಹಾಕಬೇಡಿ.

ಹಾಫೆಲೆಕಾರ್‌ನ ಇನ್ನೊಂದು ಕತೆ

ನಿಲ್ದಾಣದ ಹತ್ತಿರವೇ ವಿಜ್ಞಾನದ ಒಂದು ಪುಣ್ಯಸ್ಥಳವಿದೆ. 1912ರಲ್ಲಿ ಬಲೂನಿನಲ್ಲಿ ಐದು ಸಾವಿರ ಮೀಟರ್ ದಾಟಿ ಏರಿ, ಬಾಹ್ಯಾಕಾಶದಿಂದ ಭೂಮಿಗೆ ಒಂದು ಬಗೆಯ ಕಿರಣ ಸುರಿಯುತ್ತಿದೆ ಎಂದು ತೋರಿಸಿದ ವಿಕ್ಟರ್ ಹೆಸ್, ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ 1931ರಲ್ಲಿ ಇಲ್ಲಿ ಸುಮಾರು 2,300 ಮೀಟರ್ ಎತ್ತರದಲ್ಲಿ ವಿಶ್ವಕಿರಣಗಳನ್ನು ಅಳೆಯುವ ಕೇಂದ್ರ ಸ್ಥಾಪಿಸಿದರು. ಮೇಲೇರಿದಷ್ಟೂ ಗಾಳಿಯ ಪದರ ತೆಳುವಾಗುವುದರಿಂದ ಕಿರಣ ಹೆಚ್ಚು ಸಿಗುತ್ತದೆ. ಬಲೂನು ಕೆಲವೇ ಗಂಟೆ ನಿಲ್ಲುತ್ತದೆ, ಬೆಟ್ಟದ ಮೇಲಿನ ಉಪಕರಣ ವರ್ಷಗಟ್ಟಲೆ. ಸಾಮಾನು ಸಾಗಿಸಲು ಕೇಬಲ್ ಕಾರ್ ಸಿದ್ಧವಾಗಿತ್ತು. 1936ರಲ್ಲಿ ಅವರಿಗೆ ನೊಬೆಲ್ ಬಂತು. ಮರು ವರ್ಷ ಮರಿಯೆಟಾ ಬ್ಲಾವು ಮತ್ತು ಹೆರ್ಟಾ ವಾಂಬಾಕರ್ ಎಂಬ ಇಬ್ಬರು ಮಹಿಳೆಯರು ಇಲ್ಲಿ ತಿಂಗಳುಗಟ್ಟಲೆ ಇಟ್ಟ ಫೋಟೊ ಫಲಕಗಳಲ್ಲಿ, ವಿಶ್ವಕಿರಣ ಬಡಿದು ಪರಮಾಣುವಿನ ಬೀಜ ಸಿಡಿದ ಗುರುತು ನಕ್ಷತ್ರದ ಆಕಾರದಲ್ಲಿ ಮೂಡಿದ್ದನ್ನು ಕಂಡರು.

ಕನ್ನಡಿಗರು ಇಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಲು ಕಾರಣವಿದೆ. ಇದೇ ವಿಶ್ವಕಿರಣಗಳ ಬೆನ್ನುಹತ್ತಿದವರು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಇದ್ದರು. ಅವರಿಗೆ ಬೇಕಿದ್ದದ್ದು ತದ್ವಿರುದ್ಧ: ಬೇರೆ ಕಿರಣಗಳೆಲ್ಲ ಕಲ್ಲಿನಲ್ಲಿ ಸೋಸಿಹೋಗುವಷ್ಟು ಆಳ. 1965ರಲ್ಲಿ ಕೆ.ಜಿ.ಎಫ್.ನಲ್ಲಿ ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ವಿಶ್ವಕಿರಣ ಬಡಿದು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತು. ಇಲ್ಲಿ ಮೇಲಕ್ಕೆ 2,300 ಮೀಟರ್, ಅಲ್ಲಿ ಕೆಳಕ್ಕೆ ಅಷ್ಟೇ. ಆ ಅಂಕಿ ಹೊಂದಿಕೊಂಡದ್ದು ನನಗೆ ಹೊಳೆದದ್ದು ಇದೇ ಕಲ್ಲಿನ ಮೇಲೆ ಕೂತಿದ್ದಾಗ. ಅಂದಿನಿಂದ ಎರಡು ಜಾಗವೂ ಮನಸ್ಸಿನಲ್ಲಿ ಜೋಡಿಯಾಗಿಯೇ ಇವೆ.

ಇನ್ನಷ್ಟು ನಡೆಯಬೇಕೆಂದರೆ

ಹಾಫೆಲೆಕಾರ್‌ನಿಂದ ಪೂರ್ವಕ್ಕೆ ಏಣಿನಗುಂಟ ಗ್ಯೋಟೆವೆಗ್ ಎಂಬ ಕಾಲುದಾರಿ ಹೊರಡುತ್ತದೆ. ಕವಿ ಗಯಟೆಯ ಹೆಸರಿನ ಈ ದಾರಿ 1,922 ಮೀಟರ್ ಎತ್ತರದ ಪೈಸ್‌ಹ್ಯೂಟೆ ಎಂಬ ಪರ್ವತ ತಂಗುದಾಣಕ್ಕೆ ಕರೆದೊಯ್ಯುತ್ತದೆ. ಪೂರ್ತಿ ಹೋಗಿ ಬರಲು ನಾಲ್ಕೈದು ಗಂಟೆ ಬೇಕು, ಕಾಲು ಗಟ್ಟಿಯಿರಬೇಕು, ತಲೆ ತಿರುಗಬಾರದು. ನನ್ನ ಸಲಹೆ: ಅಭ್ಯಾಸವಿಲ್ಲದವರು ಅರ್ಧ ಗಂಟೆ ನಡೆದು, ಕೂತು, ಅದೇ ದಾರಿಯಲ್ಲಿ ಹಿಂತಿರುಗಿ. ನೋಟ ಅಷ್ಟರಲ್ಲೇ ತುಂಬಿಕೊಳ್ಳುತ್ತದೆ. ಬಂಡೆಗೆ ಉಕ್ಕಿನ ಹಗ್ಗ ಬಿಗಿದ ಕ್ಲೆಟರ್‌ಷ್ಟೈಗ್ ದಾರಿಯೂ ಇಲ್ಲಿಂದಲೇ ಶುರುವಾಗುತ್ತದೆ. ಅದು ಹೆಲ್ಮೆಟ್, ಸೊಂಟಪಟ್ಟಿ, ಗೈಡ್ ಇಲ್ಲದವರಿಗೆ ಅಲ್ಲವೇ ಅಲ್ಲ.

ಗಡಿಯಾರದ ಮೇಲೆ ಒಂದು ಕಣ್ಣಿರಲಿ. ಕೊನೆಯ ಇಳಿಗಾಡಿ ತುದಿಯಿಂದ ಸಂಜೆ ಐದರ ಆಸುಪಾಸಿಗೆ. ಆ ದಿನದ ವೇಳೆಯನ್ನು ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ. ಮೋಡ ಹೂಕೋಸಿನಂತೆ ಉಬ್ಬಿ ಮೇಲೇಳುವುದು ಕಂಡರೆ ಏಣು ಬಿಡುವ ಹೊತ್ತಾಯಿತು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ ಎಂದರ್ಥ. ಶಿಖರದ ಶಿಲುಬೆಯಿಂದ, ಉಕ್ಕಿನ ಹಗ್ಗಗಳಿಂದ ದೂರ ಸರಿದು ನಿಲ್ದಾಣದ ಕಟ್ಟಡ ಸೇರಿ.

ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಯ ತುರ್ತು ಸಂಖ್ಯೆ 140, ಯುರೋಪಿನ ಸಾಮಾನ್ಯ ತುರ್ತು ಸಂಖ್ಯೆ 112. ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ಫೋನ್ ಕೆಲಸ ಮಾಡದಿದ್ದರೆ ಸೀಟಿ ಅಥವಾ ಟಾರ್ಚಿನಿಂದ ಹತ್ತು ಸೆಕೆಂಡಿಗೊಮ್ಮೆಯಂತೆ ನಿಮಿಷಕ್ಕೆ ಆರು ಸಲ ಸಂಕೇತ ಕೊಡಿ, ಒಂದು ನಿಮಿಷ ಬಿಡಿ, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರರಂತೆ ಉತ್ತರಿಸುತ್ತಾರೆ. ಆಲ್ಪ್ಸ್‌ನುದ್ದಕ್ಕೂ ಇದೇ ರೂಢಿ.

ಸೀಗ್ರೂಬೆ: ಊಟ, ಮತ್ತು ಒಂದು ಸುತ್ತು

ಹಸಿವಾಗುವ ಹೊತ್ತಿಗೆ ಸೀಗ್ರೂಬೆಗೆ ಇಳಿಯಿರಿ. ತಾರಸಿಯಲ್ಲಿ ಮೇಜುಗಳಿವೆ, ಎದುರಿಗೆ ಬೆಟ್ಟಗಳು. ಸಸ್ಯಾಹಾರಿಗಳು ಸ್ವಲ್ಪ ತಿಳಿದುಕೊಂಡಿರಬೇಕು. ಟಿರೋಲ್ ಪ್ರಾಂತ್ಯದ ಬೆಟ್ಟದ ಊಟದಲ್ಲಿ ‘ಶ್ಪೆಕ್’ ಎಂದರೆ ಹೊಗೆಯಾಡಿಸಿದ ಹಂದಿಮಾಂಸ, ‘ಗ್ರೋಸ್ಟ್ಲ್’ ಎಂದರೆ ಆಲೂಗಡ್ಡೆಯ ಜತೆ ಹುರಿದ ಮಾಂಸ. ‘ಕೇಸೆಶ್ಪೆಟ್ಸ್ಲೆ’ ಚೀಸ್ ಹಾಕಿದ ಹಿಟ್ಟಿನ ತುಣುಕುಗಳ ಊಟ, ಮಾಂಸವಿಲ್ಲ, ಮೊಟ್ಟೆಯುಂಟು. ‘ಕೈಸರ್‌ಶ್ಮಾರ್ನ್’ ದಪ್ಪ ಸಿಹಿ ದೋಸೆಯನ್ನು ಹರಿದು ಸಕ್ಕರೆ ಉದುರಿಸಿದಂತಿರುತ್ತದೆ, ಅದರಲ್ಲೂ ಮೊಟ್ಟೆ. ಎಲ್ಲರೂ ಮೋಸಹೋಗುವುದು ಸೂಪಿನಲ್ಲಿ: ಚೀಸ್ ಉಂಡೆ ಹಾಕಿದ ‘ಕಾಸ್‌ಪ್ರೆಸ್‌ಕ್ನೋಡೆಲ್’ ಸೂಪು ನೋಡಲು ಸಾತ್ವಿಕ, ಆದರೆ ತಿಳಿಸಾರು ಸಾಮಾನ್ಯವಾಗಿ ದನದ ಮಾಂಸದ್ದು. ‘ಓನೆ ಫ್ಲೈಷ್’ ಅಂದರೆ ಮಾಂಸವಿಲ್ಲದೆ. ಸಾರಿನ ಬಗ್ಗೆ ಬೇರೆಯಾಗಿಯೇ ಕೇಳಿ. ಮೊಟ್ಟೆಯನ್ನೂ ತಿನ್ನದವರು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಹೊರಗಿನ ಹುಲ್ಲಿನ ಮೇಲೆ ಕೂತು ತಿಂದರೆ ಆ ಊಟಕ್ಕೆ ಸಮವಿಲ್ಲ. ಪೊಟ್ಟಣ, ಕಾಗದ ವಾಪಸು ಚೀಲಕ್ಕೇ.

ಇಲ್ಲಿ ಯಾರಾದರೂ ‘ಗ್ರಿಯಾಸ್ ಡಿ’ ಎಂದರೆ ನೀವೂ ಹಾಗೇ ಅನ್ನಿ. ಊರಿನಲ್ಲಿ ಅಪರಿಚಿತರಿಗೆ ‘ನೀವು’ ಎನ್ನುವ ಜನ ಬೆಟ್ಟದ ಮೇಲೆ ಎಲ್ಲರನ್ನೂ ‘ನೀನು’ ಎನ್ನುತ್ತಾರೆ. ಸಾವಿರ ಮೀಟರ್ ದಾಟಿದರೆ ಬಹುವಚನ ಇಲ್ಲ ಎಂಬುದು ಅಲ್ಲಿನ ಮಾತು. ಅಗೌರವವಲ್ಲ, ಸಲುಗೆ.

ಊಟದ ನಂತರ ಪೆರ್ಸ್ಪೆಕ್ಟೀವೆನ್‌ವೆಗ್ ಎಂಬ 2.8 ಕಿ.ಮೀ. ದಾರಿ ಸುತ್ತಿ ಬನ್ನಿ. ನಾರ್ವೆಯ ಸ್ನೋಹೆಟ್ಟಾ ಸಂಸ್ಥೆ ರೂಪಿಸಿ 2018ರಲ್ಲಿ ತೆರೆದ ಈ ದಾರಿಯಲ್ಲಿ ಹತ್ತು ಕಡೆ ತುಕ್ಕುಬಣ್ಣದ ಉಕ್ಕು ಮತ್ತು ಲಾರ್ಚ್ ಮರದ ಆಸನ, ಕಟ್ಟೆಗಳಿವೆ. ಒಂದು ಇಳಿಜಾರಿನಾಚೆಗೆ ಚಾಚಿ ನಿಂತಿದೆ. ಅವುಗಳ ಮೇಲೆ ವಿಯೆನ್ನಾದಲ್ಲಿ ಹುಟ್ಟಿದ ತತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್‌ನ ಮಾತುಗಳನ್ನು ಕೆತ್ತಿದ್ದಾರೆ. ಬೇಸಿಗೆಯಲ್ಲಿ ಕುರಿಗಳು ಮೇಯುತ್ತಿರುತ್ತವೆ, ಅವುಗಳ ಗಂಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕೆಳಗಿನ ಎರಡು ನಿಲ್ದಾಣಗಳು

ಹುಂಗರ್‌ಬುರ್ಗ್‌ನಲ್ಲಿ ನೋಡಬೇಕಾದ್ದು ಕಲ್ಲು. ಬೆಟ್ಟದಿಂದ ಉದುರಿದ ಚೂಪು ಚೂರುಗಳು ಸುಣ್ಣದ ಅಂಟಿನಲ್ಲಿ ಬೆಸೆದು ಆದ ಕೆಂಪು ಛಾಯೆಯ ಹ್ಯೋಟಿಂಗ್ ಬ್ರೆಕ್ಸಿಯಾ ಈ ಇಳಿಜಾರಿನದು; ಶತಮಾನಗಳ ಕಾಲ ಇಲ್ಲಿಂದಲೇ ಕಡಿದು ಊರು ಕಟ್ಟಿದರು. ಹಳೇ ಪೇಟೆಗೆ ಮರಳಿದಾಗ ಬಾಗಿಲುಗಲ್ಲು, ಕಂಬಗಳನ್ನು ಹತ್ತಿರದಿಂದ ನೋಡಿ, ಅದೇ ಕಲ್ಲು ಗುರುತು ಸಿಗುತ್ತದೆ. ಊರಿನ ಕುಡಿಯುವ ನೀರಿನ ಬಹುಪಾಲು ಕೂಡ ಇದೇ ಬೆಟ್ಟದೊಳಗಿನ ಮ್ಯೂಲಾವ್ ಊಟೆಗಳದ್ದು. ಸುಣ್ಣಕಲ್ಲಿನಲ್ಲಿ ಸೋಸಿ ಬಂದ ಆ ತಣ್ಣನೆ ನೀರು ನಲ್ಲಿಯಲ್ಲೇ ಬರುತ್ತದೆ. ಬಾಟಲಿ ನೀರಿಗೆ ಹಣ ಕೊಡಬೇಡಿ.

ಆಮೇಲೆ ಹಗ್ಗದ ರೈಲು ಹತ್ತಿ ಆಲ್ಪೆನ್‌ಜೂನಲ್ಲಿ ಇಳಿಯಿರಿ, ಕೊನೆಯ ಎರಡು ಗಂಟೆ ಅಲ್ಲಿಗೆ. 1962ರಲ್ಲಿ ಶುರುವಾದ ಈ ಮೃಗಾಲಯದಲ್ಲಿ ಹುಲಿ, ಸಿಂಹ ಇಲ್ಲ. ಆಲ್ಪ್ಸ್‌ನ ಪ್ರಾಣಿಗಳು ಮಾತ್ರ. ಬೆಳಿಗ್ಗೆ ದುರ್ಬೀನಿನಲ್ಲೂ ಸಿಗದ ಕಾಡುಮೇಕೆ ಐಬೆಕ್ಸ್ ಇಲ್ಲಿ ಎದುರಿಗೇ ಬಂಡೆ ಹತ್ತುತ್ತದೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಗಡ್ಡದ ರಣಹದ್ದಿನ ಮುಂದೆ. ಎಲುಬನ್ನು ಎತ್ತರದಿಂದ ಬಂಡೆಗೆ ಬೀಳಿಸಿ ಒಡೆದು ತಿನ್ನುವ ಹಕ್ಕಿ ಇದು. ಕುರಿಮರಿಗಳನ್ನು ಹೊತ್ತೊಯ್ಯುತ್ತದೆ ಎಂಬ ತಪ್ಪು ನಂಬಿಕೆಯಿಂದ ಬೇಟೆಯಾಡಿ, ಕಳೆದ ಶತಮಾನದ ಮೊದಲಲ್ಲಿ ಆಲ್ಪ್ಸ್‌ನಿಂದಲೇ ಅಳಿಸಿಬಿಟ್ಟಿದ್ದರು. ಮೃಗಾಲಯಗಳಲ್ಲಿ ಮರಿ ಮಾಡಿಸಿ, 1986ರಲ್ಲಿ ಆಸ್ಟ್ರಿಯಾದ ರೌರಿಸ್ ಕಣಿವೆಯಲ್ಲಿ ಮೊದಲ ಮರಿಗಳನ್ನು ಹೊರಬಿಟ್ಟರು. ಆ ಕೆಲಸದಲ್ಲಿ ಈ ಮೃಗಾಲಯದ ಪಾಲು ದೊಡ್ಡದು. ಈಗ ಆಲ್ಪ್ಸ್‌ನ ಬಾನಿನಲ್ಲಿ ಅವು ಮತ್ತೆ ಹಾರುತ್ತಿವೆ.

ಇಲ್ಲಿಂದ ಊರಿಗೆ ಮತ್ತೆ ರೈಲು ಹಿಡಿಯಬೇಕೆಂದಿಲ್ಲ. ಮಂಡಿ ನೋವಿಲ್ಲದವರು ಅರ್ಧ ಗಂಟೆ ನಡೆದು ಇನ್ ನದಿಯ ದಂಡೆಗೆ ಇಳಿಯಬಹುದು. ಸೇತುವೆಯ ನಡುವೆ ನಿಂತು ಹಿಂತಿರುಗಿ ನೋಡಿ: ಹಾಫೆಲೆಕಾರ್ ನಿಲ್ದಾಣ ಏಣಿನ ಕೆಳಗೆ ಒಂದು ಚುಕ್ಕಿಯಾಗಿ ಕಾಣುತ್ತದೆ. ಪಡುವಣದ ಬಿಸಿಲು ಊರನ್ನು ಬಿಟ್ಟ ಮೇಲೂ ಆ ಸುಣ್ಣಕಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿದಿರುತ್ತದೆ.